ಹಡಗಿನ ಬೆಸುಗೆಯಲ್ಲಿ ಮೋಸ ಸಿಕ್ಕರೆ ಹಿಡಿಯಬೇಕಾದ್ದು ಯಾರನ್ನ?

ರೂಟ್‌ಪಾಸ್

ಪಕ್ಕದ ಚರ್ಚೆಯಲ್ಲಿ ಒಬ್ಬರು “ಕಳಪೆ ಬೆಸುಗೆ ಹಾಕಿದ ವೆಲ್ಡರನ್ನ ಒದ್ದು ಒಳಗೆ ಹಾಕಿ, ಎಲ್ಲ ತಾನಾಗೇ ಸರಿಹೋಗುತ್ತೆ” ಅಂತ ಬರೆದಿದ್ರು. ಅಲ್ಲಿ ಉತ್ತರ ಕೊಟ್ಟರೆ ವಿಷಯ ಎಲ್ಲೆಲ್ಲಿಗೋ ಹೋಗುತ್ತೆ ಅಂತ ಇಲ್ಲಿ ಬೇರೆಯಾಗಿ ಶುರು ಮಾಡ್ತಿದ್ದೀನಿ. ನನ್ನ ಕಸುಬು ಎನ್‌ಡಿಟಿ. ಬೆಸುಗೆಯನ್ನ ಒಡೆಯದೆ ಒಳಗಿನ ಹುಳುಕು ಹುಡುಕೋದು. ಎಕ್ಸ್‌ರೇ, ಅಲ್ಟ್ರಾಸಾನಿಕ್, ಬಣ್ಣ ಹಚ್ಚಿ ಬಿರುಕು ನೋಡೋ ಡಿಪಿ ಎಲ್ಲ. ಕೆಲವು ವರ್ಷ ಹಡಗು ಕಟ್ಟೋ ಯಾರ್ಡುಗಳಲ್ಲಿ ಇದ್ದೆ, ಈಗ ಪೈಪ್‌ಲೈನ್ ಕಡೆ.

ಅಮೆರಿಕದ ಟಕೋಮಾದಲ್ಲಿ ಬ್ರಾಡ್ಕೆನ್ ಅಂತ ಒಂದು ಫೌಂಡ್ರಿ. ಅಣುಶಕ್ತಿ ಜಲಾಂತರ್ಗಾಮಿಗಳ ಒಡಲಿಗೆ ಹೋಗೋ ಉಕ್ಕಿನ ಎರಕ ಅಲ್ಲಿ ಆಗ್ತಿತ್ತು. ಅಲ್ಲಿನ ಲೋಹಶಾಸ್ತ್ರ ವಿಭಾಗದ ನಿರ್ದೇಶಕಿ 1985ರಿಂದ 2017ರ ತನಕ 240ಕ್ಕೂ ಹೆಚ್ಚು ಹೀಟ್‌ಗಳ ಟೆಸ್ಟ್ ರಿಸಲ್ಟ್ ತಿದ್ದಿದ್ರು. ಹೀಟ್ ಅಂದ್ರೆ ಒಂದು ಸಲ ಕರಗಿಸಿ ಸುರಿದ ಉಕ್ಕು. ಆ ಫೌಂಡ್ರಿ ನೌಕಾಪಡೆಗೆ ಕೊಟ್ಟಿದ್ದರಲ್ಲಿ ಇದು ಹೆಚ್ಚೂಕಡಿಮೆ ಅರ್ಧ. ಉಕ್ಕನ್ನ ಮೈನಸ್ 73 ಡಿಗ್ರಿಗೆ ತಣ್ಣಗೆ ಮಾಡಿ ಸುತ್ತಿಗೆಯಿಂದ ಹೊಡೆದು, ಮುರಿಯೋಕೆ ಎಷ್ಟು ಶಕ್ತಿ ಬೇಕಾಯ್ತು ಅಂತ ಅಳೆಯೋದು ಚಾರ್ಪಿ ಟೆಸ್ಟ್. ಅಷ್ಟು ಚಳಿಯಲ್ಲಿ ಪರೀಕ್ಷೆ ಮಾಡೋದೇ ಮೂರ್ಖತನ ಅಂತ ಆಕೆಗೆ ಅನಿಸಿತ್ತಂತೆ. ಫೇಲ್ ಆದ ಕಡೆ ಪಾಸ್ ಅಂಕಿ ಬರೆದ್ರು. 2022ರಲ್ಲಿ 30 ತಿಂಗಳು ಜೈಲು, 50,000 ಡಾಲರ್ ದಂಡ. ಅದಕ್ಕೂ ಮೊದಲು ಕಂಪನಿ 1.09 ಕೋಟಿ ಡಾಲರ್ ಕಟ್ಟಿ ಸರ್ಕಾರದ ಜೊತೆ ರಾಜಿ ಮಾಡ್ಕೊಂಡಿತ್ತು.

ಅಪರಾಧಿ ಸಿಕ್ಕರು, ಶಿಕ್ಷೆ ಆಯ್ತು. ಸರಿ. ಆದ್ರೆ ಮೂವತ್ತು ವರ್ಷಕ್ಕೂ ಮೀರಿ ಆ ಉಕ್ಕನ್ನ ಕೊಂಡವರು ಏನು ಮಾಡ್ತಿದ್ರು? ಹಡಗು ಕಟ್ಟಿದ ಯಾರ್ಡು, ಅವರ ಮೇಲೆ ಕೂತ ನೌಕಾಪಡೆಯ ತಪಾಸಣೆಯವರು, ಯಾರಾದ್ರೂ ಒಂದು ತುಂಡು ಕತ್ತರಿಸಿ ತಮ್ಮ ಲ್ಯಾಬಲ್ಲಿ ಹೊಡೆದು ನೋಡಬಹುದಿತ್ತಲ್ಲ? 2017ರಲ್ಲಿ ಇದನ್ನ ಹಿಡಿದಿದ್ದು ಅದೇ ಲ್ಯಾಬಿನ ಒಬ್ಬ ಸಿಬ್ಬಂದಿ, ಟೆಸ್ಟ್ ಕಾರ್ಡಿನಲ್ಲಿ ಅಂಕಿ ತಿದ್ದಿದ್ದು ಕಣ್ಣಿಗೆ ಬಿದ್ದು.

ನನ್ನ ವಾದ ಇಷ್ಟೇ. ಮೋಸ ಮಾಡಿದವರಿಗೆ ಶಿಕ್ಷೆ ಆಗ್ಲಿ, ಬೇಡ ಅನ್ನಲ್ಲ. ಆದ್ರೆ ಅದನ್ನೇ ಹೊಣೆಗಾರಿಕೆ ಅಂತ ಕರೆದ್ರೆ ನಾವು ಕೊನೇ ಕೈಯನ್ನ ಮಾತ್ರ ಹಿಡಿದ ಹಾಗಾಗುತ್ತೆ. ಕಾಗದ ನೋಡಿ ತಲೆ ಆಡಿಸಿದವರ ಹೆಸರು ಎಲ್ಲೂ ಬರಲ್ಲ.

---

ಗಿರಣಿಚಾಳ

ಅಲ್ರೀ, ಅದೆಲ್ಲಾ ಖರೆ. ಆದ್ರ ಮ್ಯಾಲಿನವರನ್ನ ಹಿಡೀಬೇಕು ಅನ್ನೂದು ಕೇಳಾಕ ಚಂದ. ಎಲ್ಲಾರೂ ಹೊಣೆಗಾರರು ಅಂದ್ರ ಯಾರೂ ಹೊಣೆಗಾರರಲ್ಲ ಅಂದಂಗ. ಮೂವತ್ತು ವರ್ಷದಾಗ ನೌಕಾಪಡೆ ತಪಾಸಣಿಗೆ ಎಷ್ಟು ಮಂದಿ ಬಂದ್ರು, ಎಷ್ಟು ಮಂದಿ ರಿಟೈರ್ ಆದ್ರು. ಯಾರನ್ನ ಹಿಡೀತೀರಿ? ಸುಳ್ಳು ಅಂಕಿ ಬರದಾಕಿ ಸಿಕ್ಕಾಳ, ಆಕೀನ್ನ ಬಿಟ್ಟು ಉಳದವರ ಬೆನ್ನ ಹತ್ತೂದ್ಯಾಕ?

---

ಸುಮ್ನೆ_ಓದೋಳು

ನಾನು ಮೆಕ್ಯಾನಿಕಲ್ ಮೂರನೇ ವರ್ಷ. ಚಾರ್ಪಿ ಲ್ಯಾಬ್ ಮಾಡಿದ್ದೀವಿ, ಕೊಠಡಿ ತಾಪಮಾನದಲ್ಲಿ ಮಾತ್ರ. ಸಮುದ್ರದ ನೀರು ಎಷ್ಟೇ ತಣ್ಣಗಿದ್ರೂ ಮೈನಸ್ 2 ಕೆಳಗೆ ಹೋಗಲ್ಲ ಅಲ್ವಾ ಸರ್? ಮೈನಸ್ 73ಕ್ಕೆ ಯಾಕೆ ಹೊಡೀಬೇಕು? ಆ ಮೇಡಂ ಹೇಳಿದ್ದರಲ್ಲಿ ಅರ್ಥ ಇದೆ ಅನ್ಸುತ್ತೆ (ಬೈಬೇಡಿ).

---

ರೂಟ್‌ಪಾಸ್

ಬೈಯೋದೇನಿಲ್ಲಮ್ಮ, ಒಳ್ಳೇ ಪ್ರಶ್ನೆ. ಉಕ್ಕು ಒಂದು ಹಂತದ ತನಕ ಬಾಗುತ್ತೆ, ಅದಕ್ಕಿಂತ ತಣ್ಣಗಾದ್ರೆ ಗಾಜಿನ ಥರ ಚಟ್ ಅಂತ ಒಡೆಯುತ್ತೆ. ಎರಡನೇ ಮಹಾಯುದ್ಧದಲ್ಲಿ ಇದನ್ನ ಪ್ರಾಣ ಕೊಟ್ಟು ಕಲಿತರು. ಅಮೆರಿಕ ಅವಸರದಲ್ಲಿ 2,700ಕ್ಕೂ ಹೆಚ್ಚು ಲಿಬರ್ಟಿ ಹಡಗು ಕಟ್ಟಿತು, ರಿವೆಟ್ ಬಿಟ್ಟು ಬೆಸುಗೆ. ಹಲವಕ್ಕೆ ಬಿರುಕು ಬಂತು. 1943ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡಿನ ಯಾರ್ಡಿನಲ್ಲಿ ಸ್ಕೆನೆಕ್ಟಡಿ ಅನ್ನೋ ಟ್ಯಾಂಕರು ಬಂದರಿನಲ್ಲಿ ಸುಮ್ಮನೆ ನಿಂತಿದ್ದ ಹಾಗೇ ನಡು ಮುರೀತು. ಬಿರುಗಾಳಿ ಇಲ್ಲ, ಟಾರ್ಪಿಡೊ ಇಲ್ಲ.

ಆಗಲೂ ಮೊದಲು ಬೈಸಿಕೊಂಡಿದ್ದು ವೆಲ್ಡರುಗಳೇ. ಕೆಲವು ಕಡೆ ಬೆಸುಗೆ ಕೆಟ್ಟದಾಗಿ ಇದ್ದಿದ್ದೂ ನಿಜ. ಆದ್ರೆ ಕೇಂಬ್ರಿಜ್‌ನ ಕಾನ್ಸ್‌ಟನ್ಸ್ ಟಿಪ್ಪರ್ ಅನ್ನೋ ಲೋಹಶಾಸ್ತ್ರಜ್ಞೆ ಬಿರುಕು ಬಿಟ್ಟ ತಗಡುಗಳನ್ನ ಪರೀಕ್ಷೆ ಮಾಡಿ ತೋರಿಸಿದ್ದು ಏನಂದ್ರೆ, ಮೂಲ ರೋಗ ಉಕ್ಕಿನಲ್ಲೇ ಇದೆ, ಚಳಿಗೆ ಅದು ಪೆಡಸಾಗುತ್ತೆ. ರಿವೆಟ್ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ತಿತ್ತು. ಬೆಸುಗೆ ಹಾಕಿದ ಮೇಲೆ ಇಡೀ ಒಡಲು ಒಂದೇ ತುಂಡು, ತಡೆಯೋರಿಲ್ಲ.

ಮೈನಸ್ 73ರ ಲೆಕ್ಕ ನೀರಿನ ಚಳಿಗೆ ಮಾತ್ರ ಅಲ್ಲ. ಹತ್ತಿರದಲ್ಲಿ ಬಾಂಬು ಸಿಡಿದಾಗ ಉಕ್ಕಿನ ಮೇಲೆ ಬೀಳೋ ಹೊಡೆತ ಲ್ಯಾಬಿನ ಸುತ್ತಿಗೆಗಿಂತ ಎಷ್ಟೋ ಪಾಲು ಜೋರು, ಎಷ್ಟೋ ಬೇಗ. ಹೊಡೆತ ಬೇಗ ಆದಷ್ಟೂ ಉಕ್ಕು ಇನ್ನೂ ತಣ್ಣಗಿರೋ ಥರಾನೇ ನಡ್ಕೊಳ್ಳುತ್ತೆ. ಅದಕ್ಕೆ ಪರೀಕ್ಷೇಲಿ ಚಳಿ ಹೆಚ್ಚು ಮಾಡಿ ಅಂತರ ಇಟ್ಕೊಳ್ತಾರೆ. ಒಪ್ಪಿಗೆ ಇಲ್ದಿದ್ರೆ ಕಾಗದದಲ್ಲಿ ತಕರಾರು ಬರೀಬಹುದು. ಅಂಕಿ ಬರೆಯೋಕಾಗಲ್ಲ.

---

ಎಂಜಿನ್‌ರೂಮ್_ಕಾರವಾರ

ನೌಕಾಪಡೆಯಿಂದ ನಿವೃತ್ತ. ಹೆಚ್ಚಿನ ಸರ್ವಿಸ್ ಬಾಯ್ಲರ್ ಕಡೆ. ವಿಕ್ರಮಾದಿತ್ಯದ ಮಾತು ಇಲ್ಲಿ ಇನ್ನೂ ಯಾರೂ ಎತ್ತಿಲ್ಲವಲ್ಲ!

ನಮ್ಮೂರ ಕಡಲಿಗೆ 2014ರ ಜನವರಿಯಲ್ಲಿ ಬಂದು ನಿಂತ ಹಡಗು ಅದು. ರಷ್ಯಾದ ಹಳೇ ವಿಮಾನವಾಹಕ ಗೋರ್ಷ್ಕೋವ್. ಸೆವೆರೊದ್ವಿನ್ಸ್ಕ್‌ನ ಸೆವ್‌ಮಾಶ್ ಯಾರ್ಡು ಅದನ್ನು ಪೂರ್ತಿ ಬದಲಾಯಿಸಿ ಕೊಡಬೇಕಿತ್ತು. 2004ರ ಒಪ್ಪಂದದಲ್ಲಿ ನವೀಕರಣಕ್ಕೆ 97.4 ಕೋಟಿ ಡಾಲರ್. ಕೊನೆಗೆ ಆಗಿದ್ದು 235 ಕೋಟಿ. 2012ರ ಡಿಸೆಂಬರಿಗೆ ಹಸ್ತಾಂತರ ಅಂತ ತಾರೀಖೂ ಗೊತ್ತಾಗಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಮುದ್ರ ಪರೀಕ್ಷೆಗೆ ಹೋಗಿ ಪೂರ್ತಿ ವೇಗಕ್ಕೆ ತೆಗೆದುಕೊಂಡು ಹೋದರು. ಎಂಟು ಬಾಯ್ಲರಿನಲ್ಲಿ ಏಳು ಕೈಕೊಟ್ಟವು. ಬೆಂಕಿಯ ಕಾವು ತಡೆಯಬೇಕಾದ ಒಳಗಿನ ಇಟ್ಟಿಗೆ ನಿಲ್ಲಲಿಲ್ಲ.

ಆಮೇಲೆ ಶುರುವಾದ ಆಟ ನೋಡಿ. ಭಾರತ ಆಸ್ಬೆಸ್ಟಾಸ್ ಬೇಡ ಅಂದಿದ್ದಕ್ಕೇ ಇಟ್ಟಿಗೆ ಹಾಕಬೇಕಾಯ್ತು ಅಂತ ರಷ್ಯಾದವರು. ಆ ಇಟ್ಟಿಗೆ ಚೀನಾದ್ದು, ಅದೇ ಕಳಪೆ ಅಂತ ಮತ್ತೊಂದು ಮಾತು. ನಾವು ಕೊಟ್ಟೇ ಇಲ್ಲ ಅಂತ ಚೀನಾ. ಯಾರ ಮಾತು ನಿಜವೋ, ಹಡಗು ಬಂದಿದ್ದು ಮತ್ತೊಂದು ವರ್ಷ ತಡವಾಗಿ, 2013ರ ನವೆಂಬರಿನಲ್ಲಿ.

ಬಾಯ್ಲರಿನ ಕೆಲಸ ಮಾಡಿದವನಾಗಿ ನನಗೆ ಕಾಣುವ ಪ್ರಶ್ನೆ ಬೇರೆ. ಇಟ್ಟಿಗೆ ಎಲ್ಲಿಂದಾದರೂ ಬರಲಿ, ಆಸ್ಬೆಸ್ಟಾಸ್ ಬದಲು ಬೇರೆ ಸಾಮಾನು ಹಾಕಿದ ಮೇಲೆ ಅದು ಪೂರ್ತಿ ಹೊರೆಯಲ್ಲಿ ತಾಳುತ್ತದೆ ಅಂತ ಸಹಿ ಹಾಕಿದವರು ಯಾರು? ಎಂಟೂ ಬಾಯ್ಲರ್ ಹಡಗಿನ ಹೊಟ್ಟೆಗೆ ಇಳಿದ ಮೇಲೆ, ಬಾರೆಂಟ್ಸ್ ಸಮುದ್ರದ ನಡುವೆ ಗೊತ್ತಾಗುವ ವಿಷಯವಾ ಇದು? ಅಲ್ಲಿ ನಮ್ಮ ದೇಶದ ತಂಡವೂ ಇತ್ತು ಎನ್ನುವುದನ್ನು ಮರೆಯಬೇಡಿ. ಮಾರುವವನನ್ನು ಬೈಯುವುದು ಸುಲಭ.

---

ಲೆಕ್ಕಪತ್ರ

> ಯಾರ ಮಾತು ನಿಜವೋ

ಒಪ್ಪಂದಗಳನ್ನು ಓದುವುದು ನನ್ನ ಹೊಟ್ಟೆಪಾಡು (ಹಡಗಿನದಲ್ಲ, ಸಾಮಾನ್ಯ ಸರ್ಕಾರಿ ಕಾಮಗಾರಿ). ಹೀಗೆ ಮೂವರು ಪರಸ್ಪರ ಬೊಟ್ಟು ಮಾಡುವ ಸ್ಥಿತಿ ಬಂದರೆ ಒಪ್ಪಂದ ಬರೆಯುವಾಗಲೇ ಎಡವಿದ್ದಾರೆ ಅಂತ ನಾನು ತಿಳಿಯುತ್ತೇನೆ. ಸಾಮಾನು ಬದಲಾದರೆ ಅದರ ಪರೀಕ್ಷೆಯ ಭಾರ ಯಾರ ಮೇಲೆ, ವಿಫಲವಾದರೆ ತಡವಾದ ಪ್ರತಿ ತಿಂಗಳಿಗೆ ಯಾರು ಎಷ್ಟು ತೆರಬೇಕು, ಇವೆರಡು ಸಾಲು ಗಟ್ಟಿಯಾಗಿದ್ದರೆ ಉಳಿದ ಕಥೆಗೆ ಜಾಗವೇ ಇರುವುದಿಲ್ಲ.

ಅದೇ ಅಮೆರಿಕದಲ್ಲಿ 2018ರಲ್ಲಿ ಕೊಲಂಬಿಯಾ ವರ್ಗದ ಜಲಾಂತರ್ಗಾಮಿಗಳ ಕ್ಷಿಪಣಿ ಕೊಳವೆಗಳ ಬೆಸುಗೆ ಕೆಟ್ಟಿದ್ದು ಗೊತ್ತಾದಾಗ, ತಯಾರಿಸಿದ ಬಿಡಬ್ಲ್ಯೂಎಕ್ಸ್‌ಟಿ ಕಂಪನಿ ತನ್ನ ಲೆಕ್ಕಪುಸ್ತಕದಲ್ಲಿ 2.7 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಷೇರುದಾರರಿಗೆ ಉತ್ತರ ಕೊಡಬೇಕಾಯಿತು. ಜೈಲಿಗಿಂತ ಇದು ಕೆಲವೊಮ್ಮೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

---

ಗಿರಣಿಚಾಳ

ರೊಕ್ಕ ಕಟ್ಟಿದ್ರ ಆತೇನ್ರೀ? ಆ ರೊಕ್ಕ ಮುಂದಿನ ಟೆಂಡರ್‌ದಾಗ ಸೇರಿಸಿ ನಮ್ಮ ಕಡೇನ ವಸೂಲಿ ಮಾಡ್ತಾರ.

---

ಲೆಕ್ಕಪತ್ರ

ಪೈಪೋಟಿ ಇದ್ದರೆ ಹಾಗೆ ಸೇರಿಸಲಾಗದು. ಪೈಪೋಟಿಯೇ ಇಲ್ಲದ ಕಡೆ ನಿಮ್ಮ ಮಾತು ನಿಜ. ಯುದ್ಧನೌಕೆಯ ಧಂದೆಯಲ್ಲಿ ಪೈಪೋಟಿ ಇಲ್ಲದಿರುವುದೇ ಹೆಚ್ಚು, ಒಪ್ಪುತ್ತೇನೆ.

---

ಮಲ್ಪೆ_ಬೋಟ್

ಮಾರಾಯ್ರೆ, ನಾವು ಕಟ್ಟಿಸುದು ಮೀನುಗಾರಿಕೆ ಬೋಟು, ನಿಮ್ಮಷ್ಟು ದೊಡ್ಡದಲ್ಲ. ಆದ್ರೂ ಒಂದು ಕೇಳ್ತೇನೆ. ರೂಟ್‌ಪಾಸ್‌ನವ್ರೆ, ನೀವು ಯಾರ್ಡಿನಲ್ಲಿ ಇದ್ದವ್ರು ಅಲ್ವಾ, ಮೋಸ ಹೇಗೆ ಆಗುದು ಅಂತ ಸ್ವಲ್ಪ ಬಿಡಿಸಿ ಹೇಳಿ. ಬರೀ ಅಮೆರಿಕ ರಷ್ಯಾ ಅಂದ್ರೆ ನಮ್ಗೆ ತಲೆಗೆ ಹೋಗುದಿಲ್ಲ.

---

ರೂಟ್‌ಪಾಸ್

ಎರಡು ಹೇಳ್ತೀನಿ. ಯಾರ್ಡಿನ ಹೆಸರು ಕೇಳಬೇಡಿ, ಊಹೆನೂ ಮಾಡಬೇಡಿ.

ಮೊದಲನೇದು ಫಿಲ್ಮ್. ಬೆಸುಗೆಗೆ ಎಕ್ಸ್‌ರೇ ಹೊಡೆಯುವಾಗ ಪಕ್ಕದಲ್ಲಿ ಸೀಸದ ಅಕ್ಷರ ಇಡ್ತಾರೆ, ಜಾಯಿಂಟ್ ನಂಬರು, ವೆಲ್ಡರನ ಸ್ಟೆನ್ಸಿಲ್ (ಅವನ ಗುರುತು), ತಾರೀಖು. ಅವೂ ಫಿಲ್ಮಿನಲ್ಲಿ ಮೂಡುತ್ತವೆ. ಈಗ ಹತ್ತು ಜಾಯಿಂಟಲ್ಲಿ ಎರಡು ಕೆಟ್ಟಿವೆ ಅಂದ್ಕೊಳ್ಳಿ. ರಿಪೇರಿ ಅಂದ್ರೆ ಕೆಟ್ಟ ಬೆಸುಗೆಯನ್ನ ಕೆತ್ತಿ ತೆಗೆದು (ಗೌಜಿಂಗ್) ಮತ್ತೆ ಹಾಕಬೇಕು, ಒಂದು ಶಿಫ್ಟ್ ಹೋಯ್ತು. ಅದರ ಬದಲು ಚೆನ್ನಾಗಿರೋ ಜಾಯಿಂಟಿಗೇ ಸೀಸದ ನಂಬರು ಬದಲಾಯಿಸಿ ಮೂರು ಸಲ ಹೊಡೆದು ಬಿಡೋದು. ಕಾಗದದಲ್ಲಿ ಹತ್ತಕ್ಕೆ ಹತ್ತೂ ಪಾಸ್.

ಹಿಡಿಯೋದು ಹೇಗೆ ಅಂದ್ರೆ, ಕೈಯಲ್ಲಿ ಹಾಕಿದ ಬೆಸುಗೆಯ ಅಲೆ ಒಬ್ಬೊಬ್ಬರ ಕೈಬರಹದ ಹಾಗೆ, ಅದೇ ಮನುಷ್ಯ ಬರೆದ್ರೂ ಎರಡು ಸಲ ಒಂದೇ ಥರ ಬರಲ್ಲ. ರಾಡ್ ಬದಲಾಯಿಸಿದ ಜಾಗ, ಸಿಡಿದ ಕಿಡಿಯ ಚುಕ್ಕೆ, ಒಂದು ಪುಟ್ಟ ಗಾಳಿಗುಳ್ಳೆ. ಎರಡು ಫಿಲ್ಮ್‌ಗಳನ್ನ ವ್ಯೂವರ್ ಮೇಲೆ ಒಂದರ ಮೇಲೊಂದು ಇಟ್ಟು ಸ್ವಲ್ಪ ಸರಿಸಿದ್ರೆ ಚುಕ್ಕೆಗೆ ಚುಕ್ಕೆ ಕೂತುಬಿಡುತ್ತೆ. ನಂಬರು ಮಾತ್ರ ಬೇರೆ. ಒಂದೊಂದೇ ಫಿಲ್ಮ್ ನೋಡಿ ಸಹಿ ಹಾಕ್ತಾ ಹೋದವರಿಗೆ ಇದು ಜನ್ಮದಲ್ಲಿ ಸಿಗಲ್ಲ. ಸಂಜೆ ಒಳಗೆ ಇಷ್ಟು ಫಿಲ್ಮ್ ಮುಗಿಸಬೇಕು ಅಂತ ಮೇಲಿನಿಂದ ಒತ್ತಡ ಇದ್ರೆ ಒಂದೊಂದೇ ನೋಡೋದೇ ಆಗೋದು.

ಎರಡನೇದು ರಾಡ್ ಓವನ್. 7018 ಅನ್ನೋ ಬೆಸುಗೆ ರಾಡು ಒಣಗಿರಬೇಕು. ತೇವ ಕುಡಿದ್ರೆ ಬೆಸುಗೆಯೊಳಗೆ ಹೈಡ್ರೋಜನ್ ಸೇರಿ, ಹಾಕಿದ ದಿನ ಚೆನ್ನಾಗೇ ಕಾಣೋ ಜಾಯಿಂಟು ಒಂದೆರಡು ದಿನ ಬಿಟ್ಟು ಒಳಗೊಳಗೇ ಬಿರುಕು ಬಿಡುತ್ತೆ. ಅದಕ್ಕೆ ರಾಡನ್ನ ಓವನ್‌ನಲ್ಲಿ ಬಿಸಿಯಾಗಿ ಇಟ್ಟು, ಗಂಟೆಗೊಮ್ಮೆ ತಾಪ ಬರೆಯೋ ರಿಜಿಸ್ಟರ್ ಇರುತ್ತೆ. ಕರಾವಳಿ ಮಳೆಗಾಲ ನಿಮಗೆ ಹೇಳಬೇಕಾ, ಗೋಡೆನೇ ಬೆವರುತ್ತೆ. ಒಂದು ಬೆಳಿಗ್ಗೆ ಓವನ್ ಬಾಗಿಲಿಗೆ ಕೈ ಇಟ್ಟೆ, ತಣ್ಣಗೆ. ರಿಜಿಸ್ಟರ್ ತೆಗೆದು ನೋಡಿದ್ರೆ ರಾತ್ರಿಯೆಲ್ಲ 120, 120, 120. ಒಂದೇ ಪೆನ್ನು, ಒಂದೇ ಕೈ. ಹಿಂದಿನ ರಾತ್ರಿ ಕರೆಂಟ್ ಹೋಗಿತ್ತು, ಆ ಹೊತ್ತಿನಲ್ಲೂ 120. ನಾನು ವರದಿ ಬರೆದೆ. ಮಾರನೇ ದಿನದಿಂದ ರಿಜಿಸ್ಟರಿನಲ್ಲಿ 118, 121, 119 ಅಂತ ಬರೋಕೆ ಶುರುವಾಯ್ತು!

ಓವನ್ ರಿಪೇರಿ ಆಗಲಿಲ್ಲ. ರಿಜಿಸ್ಟರ್ ರಿಪೇರಿ ಆಯ್ತು.

ಆ ರಿಜಿಸ್ಟರ್ ಬರೆದ ಹುಡುಗ ಗುತ್ತಿಗೆ ಕೆಲಸದವನು. ಓವನ್ ಹೀಟರ್ ಸುಟ್ಟಿದೆ ಅಂತ ಅವನು ಬಾಯಿಮಾತಲ್ಲಿ ಹೇಳಿದ್ದ, ಹೊಸದು ಕೊಡಿಸಬೇಕಾದವರು ಕೊಡಿಸಿರಲಿಲ್ಲ, ಕೆಲಸ ನಿಲ್ಲಿಸೋ ಅಧಿಕಾರ ಅವನಿಗಿರಲಿಲ್ಲ. ಈಗ ಗಿರಣಿಚಾಳದವರೇ ಹೇಳಿ, ಯಾರನ್ನ ಒಳಗೆ ಹಾಕೋಣ?

---

ಗಿರಣಿಚಾಳ

ಹುಡುಗನ್ನ ಬ್ಯಾಡ. ಹೀಟರ್ ಕೊಡಸದವನ್ನ ಹಾಕ್ರಿ. ಅವನೂ ಕೊನೇ ಕೈ ಅಲ್ಲೇನು?

(118, 121, 119 ಓದಿ ನಕ್ಕ ನಕ್ಕ ಸಾಕಾತು.)

---

ವರ್ಜೀನಿಯಾದಿಂದ

ನಾನಿರೋದು ಅಮೆರಿಕದ ನ್ಯೂಪೋರ್ಟ್ ನ್ಯೂಸ್ ಹಡಗು ಯಾರ್ಡಿನ ಹತ್ತಿರ, ಕೆಲಸ ಐಟಿ. ನಮ್ಮ ಬೀದಿಯ ಅರ್ಧ ಜನ ಯಾರ್ಡಿನವರು. 2024ರ ಸೆಪ್ಟೆಂಬರಿನಲ್ಲಿ ಇಲ್ಲಿ ದೊಡ್ಡ ಸುದ್ದಿ ಆಗಿತ್ತು. ಕೆಲವು ವೆಲ್ಡರುಗಳು ಗೊತ್ತಿದ್ದೂ ಗೊತ್ತಿದ್ದೂ ನಿಗದಿತ ಕ್ರಮ ಬಿಟ್ಟು ಬೆಸುಗೆ ಹಾಕಿದ್ದಾರೆ ಅಂತ. ನೌಕಾಪಡೆ ಆಮೇಲೆ ಸಂಸತ್ತಿಗೆ ಕೊಟ್ಟ ಲೆಕ್ಕ 26 ಹಡಗು, ಅದರಲ್ಲಿ 23 ಇನ್ನೂ ಕಟ್ಟುತ್ತಿದ್ದವು, ಮೂರು ಆಗಲೇ ಸೇವೆಯಲ್ಲಿದ್ದವು. ಅಪಾಯದ ಜಾಗದ ಬೆಸುಗೆಗಳಲ್ಲ ಅಂತಲೂ ಹೇಳಿದ್ರು.

ಆದ್ರೆ ಒಂದು ವಿಷಯ ನೋಡಿ. ಇದನ್ನ ಪತ್ತೆ ಮಾಡಿ ನೌಕಾಪಡೆಗೆ ತಿಳಿಸಿದ್ದು ಯಾರ್ಡೇ. ಮುಚ್ಚಿ ಹಾಕಿದ್ರೆ? 2009ರಲ್ಲೂ ಇದೇ ಯಾರ್ಡಿನಲ್ಲಿ ಒಬ್ಬ ಇನ್‌ಸ್ಪೆಕ್ಟರು ಬೆಸುಗೆ ನೋಡದೇ ನೋಡಿದೆ ಅಂತ ಸಹಿ ಹಾಕಿದ್ದು ಬಯಲಾಗಿ, ಅವನು ಸಹಿ ಮಾಡಿದ ಸಾವಿರಾರು ಬೆಸುಗೆಗಳನ್ನ ಮತ್ತೆ ಪರಿಶೀಲಿಸಬೇಕಾಯ್ತು. ಶಿಕ್ಷೆ ಜಾಸ್ತಿ ಮಾಡಿದಷ್ಟೂ ಹೇಳ್ಕೊಳ್ಳೋರು ಕಮ್ಮಿ ಆಗ್ತಾರೆ ಅನ್ನೋದು ನನ್ನ ಭಯ.

---

ಎಂಜಿನ್‌ರೂಮ್_ಕಾರವಾರ

ವರ್ಜೀನಿಯಾದವರ ಮಾತಿಗೆ ಉದಾಹರಣೆ ಬೇಕಿದ್ದರೆ ಉತ್ತರ ಕೊರಿಯಾ ನೋಡಿ. 2025ರ ಮೇ 21ರಂದು ಚೊಂಗ್‌ಜಿನ್‌ನಲ್ಲಿ 5,000 ಟನ್ ಯುದ್ಧನೌಕೆಯನ್ನು ಕಿಮ್ ಜಾಂಗ್ ಉನ್ ಎದುರಿಗೇ ಅಡ್ಡಡ್ಡ ನೀರಿಗೆ ಇಳಿಸಲು ಹೋಗಿ ಪಕ್ಕಕ್ಕೆ ಮಗುಚಿತು. ಅಲ್ಲೇ “ಕ್ರಿಮಿನಲ್ ಕೃತ್ಯ” ಎಂದು ತೀರ್ಪು. ಯಾರ್ಡಿನ ಮುಖ್ಯ ಎಂಜಿನಿಯರ್ ಸಹಿತ ಹಲವರು ಕಸ್ಟಡಿಗೆ. ಮೂರು ವಾರದಲ್ಲಿ ಹಡಗನ್ನು ಎತ್ತಿ ನಿಲ್ಲಿಸಿ ಮತ್ತೆ ಸಮಾರಂಭ ಮಾಡಿದರು. ಮಗುಚಿ ಬಿದ್ದ ಹಡಗಿನ ಒಡಲು, ಕೊಳವೆ, ಕೇಬಲ್ ಎಲ್ಲ ಮೂರು ವಾರದಲ್ಲಿ ನೋಡಿ ಮುಗಿಸಿದರು ಅಂದರೆ ನಾನು ನಂಬುವುದಿಲ್ಲ. ಅದರಲ್ಲಿ ಏನು ಕೆಟ್ಟಿದೆ ಎಂದು ಹೇಳುವ ಧೈರ್ಯ ಇನ್ನು ಯಾವ ಎಂಜಿನಿಯರನಿಗೆ ಬಂದೀತು?

ನಮ್ಮಲ್ಲಿ ಇನ್ನೊಂದು ತುದಿ. 2014ರ ಫೆಬ್ರವರಿಯಲ್ಲಿ ಸಿಂಧುರತ್ನ ಜಲಾಂತರ್ಗಾಮಿಯಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಹೋದರು. ಅದಕ್ಕೆ ಆರು ತಿಂಗಳ ಹಿಂದಷ್ಟೇ ಮುಂಬೈಯಲ್ಲಿ ಸಿಂಧುರಕ್ಷಕ್ ಸ್ಫೋಟಗೊಂಡು 18 ಮಂದಿ. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ಸಿಂಧುರತ್ನದ ಅವಘಡದ ದಿನವೇ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಆ ಮನುಷ್ಯನ ಮೇಲೆ ನನಗೆ ಗೌರವ ಇದೆ. ಆದರೆ ಮುಖ್ಯಸ್ಥರು ಮನೆಗೆ ಹೋದ ಮಾತ್ರಕ್ಕೆ ಹಳೇ ಬ್ಯಾಟರಿ, ಹಳೇ ಕೇಬಲ್ ಹೊಸದಾಗುತ್ತದೆಯೇ? ಬಿಡಿಭಾಗದ ಕಡತ ಯಾರ ಮೇಜಿನ ಮೇಲೆ ಕೊಳೆಯುತ್ತಿತ್ತೋ ಆ ಮೇಜಿನವರು ಅಲ್ಲೇ ಇದ್ದರು.

---

ಸುಮ್ನೆ_ಓದೋಳು

ಹಾಗಾದ್ರೆ ಸರಿಯಾಗಿ ಮಾಡಿದ ಒಂದು ಉದಾಹರಣೆನೂ ಇಲ್ವಾ? ಜೈಲೂ ಬೇಡ, ರಾಜೀನಾಮೆನೂ ಬೇಡ ಅಂದ್ರೆ ಮತ್ತೇನು?

---

ರೂಟ್‌ಪಾಸ್

ಒಂದಿದೆ. ಅದಕ್ಕೆ 129 ಜೀವ ಹೋಗಬೇಕಾಯ್ತು.

ಥ್ರೆಷರ್. 1963ರ ಏಪ್ರಿಲ್ 10. ಅಮೆರಿಕದ ಹೊಚ್ಚಹೊಸ ಮಾದರಿಯ ಅಣು ಜಲಾಂತರ್ಗಾಮಿ, ಪೋರ್ಟ್ಸ್‌ಮತ್ ಯಾರ್ಡಿನಲ್ಲಿ ತಿಂಗಳುಗಟ್ಟಲೆ ರಿಪೇರಿ ಮುಗಿಸಿ ಆಳ ಮುಳುಗೋ ಪರೀಕ್ಷೆಗೆ ಹೊರಟಿತ್ತು. ಒಳಗೆ ನಾವಿಕರ ಜೊತೆ 17 ಜನ ಸಿವಿಲಿಯನ್ನರು, ಯಾರ್ಡು ಮತ್ತು ಕಂಪನಿಗಳ ಕಡೆಯವರು. ಮೇಲೆ ಕಾಯ್ತಿದ್ದ ಸ್ಕೈಲಾರ್ಕ್ ಹಡಗಿಗೆ ಸಣ್ಣ ತೊಂದರೆ ಆಗಿದೆ, ಮೇಲೆ ಬರೋಕೆ ನೋಡ್ತಿದ್ದೀವಿ ಅನ್ನೋ ಸಂದೇಶ ಬಂತು. ಆಮೇಲೆ ಅರ್ಧಂಬರ್ಧ ಮಾತು, ಆಮೇಲೆ ಒಡಲು ಒಡೆಯೋ ಸದ್ದು. 2,500 ಮೀಟರಿಗೂ ಆಳದಲ್ಲಿ ಚೂರುಚೂರಾಗಿ ಬಿದ್ದಿತ್ತು.

ವಿಚಾರಣೆಯಲ್ಲಿ ಬಂದ ಒಂದು ಸಂಗತಿ ನನ್ನಂಥವರಿಗೆ ನಿದ್ದೆ ಕೆಡಿಸುತ್ತೆ. ಆ ಹಡಗಿನ ಕೊಳವೆಗಳಲ್ಲಿ ಬೆಳ್ಳಿ ಮಿಶ್ರಣದಿಂದ ಬೆಸೆದ ಸುಮಾರು 3,000 ಜಾಯಿಂಟ್ ಇದ್ದವು. ಅಲ್ಟ್ರಾಸಾನಿಕ್ ಆಗ ಹೊಸ ತಂತ್ರ. ಮೇಲಿನಿಂದ ಆದೇಶ ಬಂದಿದ್ದಕ್ಕೆ 145 ಜಾಯಿಂಟ್ ಪರೀಕ್ಷೆ ಮಾಡಿದ್ರು. ಅದರಲ್ಲಿ ಶೇ 14 ಫೇಲ್. ಉಳಿದವನ್ನ ನೋಡಿದ್ರಾ? ಇಲ್ಲ. ಕೊಳವೆ ಮೇಲೆ ಹೊದಿಕೆ ಹಾಕಿ ಮುಚ್ಚಬೇಕು, ಆಳು ಇಲ್ಲ, ತಾರೀಖು ಹತ್ತಿರ ಬರ್ತಿದೆ ಅಂತ ಪರೀಕ್ಷೆ ಅಲ್ಲಿಗೇ ನಿಂತುಹೋಯ್ತು. ಅದೇ ಶೇ 14ನ್ನ ಉಳಿದವಕ್ಕೂ ಹಾಕಿ ನೋಡಿ, ಹೆಚ್ಚೂಕಡಿಮೆ 400 ಆಗುತ್ತೆ. ಅಂಥ ಹಡಗನ್ನ ಕೆಳಗೆ ಇಳಿಸಿದ್ರು.

ಇಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ, ಗಮನಿಸಿ. ಶೇ 14 ಫೇಲ್ ಅಂತ ಕಾಗದದಲ್ಲಿ ಇತ್ತು. ಆ ಕಾಗದಕ್ಕೆ ತಾರೀಖನ್ನ ನಿಲ್ಲಿಸೋ ಬಲ ಇರಲಿಲ್ಲ.

ಇನ್ನೊಂದು. ತುರ್ತಿನಲ್ಲಿ ನೀರು ಹೊರದಬ್ಬಿ ಮೇಲೆ ಬರೋಕೆ ಒತ್ತಡದ ಗಾಳಿ ಬೇಕು. ಅದೇ ಥರದ ಟಿನೋಸಾ ಅನ್ನೋ ಜಲಾಂತರ್ಗಾಮಿಯಲ್ಲಿ ದಡದಲ್ಲೇ ಪ್ರಯೋಗ ಮಾಡಿದಾಗ ಗಾಳಿಯಲ್ಲಿದ್ದ ತೇವ ಜರಡಿಯಲ್ಲಿ ಹೆಪ್ಪುಗಟ್ಟಿ ದಾರಿನೇ ಮುಚ್ಚಿಹೋಯ್ತು. ಅರ್ಧ ನಿಮಿಷದ ಕೆಲಸ. ಇದನ್ನ ಮೊದಲೇ ದಡದಲ್ಲಿ ಮಾಡಬಹುದಿತ್ತು.

---

ಎಂಜಿನ್‌ರೂಮ್_ಕಾರವಾರ

ಒಂದು ತಿದ್ದುಪಡಿ ಅಂತಲ್ಲ, ಸೇರ್ಪಡೆ. ಜಾಯಿಂಟ್ ಒಡೆದು ನೀರು ನುಗ್ಗಿತು ಎನ್ನುವುದು ಅಧಿಕೃತ ಅಂದಾಜು. ನೀರಿನಡಿಯ ಸದ್ದಿನ ದಾಖಲೆ ನೋಡಿದ ಕೆಲವರು, ಮೊದಲು ಆದದ್ದು ವಿದ್ಯುತ್ ವೈಫಲ್ಯ, ನೀರು ನುಗ್ಗಿದ್ದಕ್ಕೆ ಸಾಕ್ಷಿ ಇಲ್ಲ ಎನ್ನುತ್ತಾರೆ. ನಿವೃತ್ತ ಕ್ಯಾಪ್ಟನ್ ಒಬ್ಬರು ಕೋರ್ಟಿಗೆ ಹೋದ ಮೇಲೆ 2020ರಿಂದ ಕಡತಗಳು ಹೊರಬಂದವು.

---

ರೂಟ್‌ಪಾಸ್

ಹೌದು ಸರ್, ಆ ವಾದ ಓದಿದ್ದೀನಿ. ನನಗೆ ಅದರಿಂದ ಥ್ರೆಷರ್ ಪಾಠ ಬದಲಾಗಲ್ಲ. ಯಾಕಂದ್ರೆ ಅವರು ಒಂದೇ ಕಾರಣ ಹಿಡ್ಕೊಂಡು ಕೂರಲಿಲ್ಲ. 1963ರ ಡಿಸೆಂಬರಿನಲ್ಲೇ ಸಬ್‌ಸೇಫ್ ಅನ್ನೋ ವ್ಯವಸ್ಥೆ ತಂದ್ರು. ಸಮುದ್ರದ ನೀರು ತಡೆಯೋ ಪ್ರತಿ ಭಾಗ, ಅಪಾಯದಲ್ಲಿ ಮೇಲೆ ತರೋ ಪ್ರತಿ ಭಾಗ, ಅದರ ಉಕ್ಕು ಯಾವ ಹೀಟಿನದು, ಬೆಸೆದವರು ಯಾರು, ನೋಡಿದವರು ಯಾರು, ಅಳತೆ ಎಷ್ಟು ಬಂತು ಎಲ್ಲಕ್ಕೂ ಪುರಾವೆ ಬೇಕು. “ನುರಿತವರು ಮಾಡಿದ್ದಾರೆ, ಚೆನ್ನಾಗೇ ಇರುತ್ತೆ” ಅನ್ನೋದು ಪುರಾವೆ ಅಲ್ಲ. ಪುರಾವೆ ಇಲ್ಲ ಅಂದ್ರೆ ಪ್ರಮಾಣಪತ್ರ ಇಲ್ಲ, ಹಡಗು ಮುಳುಗೋ ಹಾಗಿಲ್ಲ.

ಅದಕ್ಕಿಂತ ದೊಡ್ಡದು, ಅಧಿಕಾರವನ್ನ ಮೂರು ಕಡೆ ಹಂಚಿದ್ದು. ಹಣ ಮತ್ತು ತಾರೀಖು ನೋಡೋ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬ. ತಾಂತ್ರಿಕವಾಗಿ ಯಾವುದು ಸರಿ ಅಂತ ಹೇಳೋರು ಬೇರೆ. ಅದನ್ನ ಪಾಲಿಸಿದ್ದಾರಾ ಅಂತ ನೋಡೋ ಸುರಕ್ಷತೆಯವರು ಮತ್ತೂ ಬೇರೆ. ಮ್ಯಾನೇಜರ್ ಒಬ್ಬನೇ “ಇರ್ಲಿ ಬಿಡ್ರಿ, ಹೋಗೋಣ” ಅನ್ನೋಕಾಗಲ್ಲ.

1915ರಿಂದ 1963ರವರೆಗೆ ಅಮೆರಿಕ ಯುದ್ಧದ ಹೊರತಾಗಿ ಕಳ್ಕೊಂಡ ಜಲಾಂತರ್ಗಾಮಿ 16. ಆಮೇಲೆ ಹೋಗಿದ್ದು ಒಂದೇ, 1968ರ ಸ್ಕಾರ್ಪಿಯನ್, 99 ಜನ. ಅದಕ್ಕೆ ಸಬ್‌ಸೇಫ್ ಪ್ರಮಾಣಪತ್ರ ಇರಲಿಲ್ಲ. ಪ್ರಮಾಣಪತ್ರ ಸಿಕ್ಕ ಒಂದೂ ಇದುವರೆಗೆ ಮುಳುಗಿಲ್ಲ. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಹೋದಾಗ ತನಿಖಾ ಮಂಡಳಿ ನಾಸಾಗೆ ತೋರಿಸಿದ ಮಾದರಿಗಳಲ್ಲಿ ಇದೂ ಒಂದು.

---

ಲೆಕ್ಕಪತ್ರ

ಆದರೆ ಬ್ರಾಡ್ಕೆನ್ ಪ್ರಕರಣದ ಮೂವತ್ತು ವರ್ಷವೂ ಸಬ್‌ಸೇಫ್ ಜಾರಿಯಲ್ಲೇ ಇತ್ತಲ್ಲ? ಆ ಪ್ರಕರಣವನ್ನು ನೀವೇ ಮೊದಲ ಬರಹದಲ್ಲಿ ಹೇಳಿದ್ದೀರಿ. ಪುರಾವೆ ಬೇಕು ಅಂದರು, ಫೌಂಡ್ರಿ ಪುರಾವೆ ಕೊಟ್ಟಿತು, ಅದು ಸುಳ್ಳಾಗಿತ್ತು. ಹಾಗಿದ್ದರೆ ನಿಮ್ಮ ಮಾದರಿ ವ್ಯವಸ್ಥೆಯೂ ಕಾಗದವೇ.

---

ಗಿರಣಿಚಾಳ

ಹೊಡದ್ರು ನೋಡ್ರಿ ಸಿಕ್ಸರ್ 😄

---

ರೂಟ್‌ಪಾಸ್

ಸರಿಯಾದ ಏಟು, ನನ್ನ ವಾದಕ್ಕೆ ಅನುಕೂಲವಾದ ಏಟೂ ಹೌದು. ಯಾರ್ಡಿನ ಒಳಗೆ ಸಬ್‌ಸೇಫ್ ಗಟ್ಟಿ. ಸಾಮಾನು ಕೊಡೋ ಮೂರನೇ ನಾಲ್ಕನೇ ಹಂತದ ಕಂಪನಿಗೆ ಬಂದಾಗ ಟೆಸ್ಟ್ ಮಾಡೋರೂ ಅವರೇ, ಪ್ರಮಾಣಪತ್ರ ಬರೆಯೋರೂ ಅವರೇ. ಅಲ್ಲಿ ಮೂರು ಕಡೆ ಹಂಚಿಕೆ ಇಲ್ಲ, ಒಬ್ಬರ ಕೈಯಲ್ಲೇ ಎಲ್ಲ. ತುತ್ತ ತುದಿಯಲ್ಲಿ ಬಿಟ್ಟ ಸಂದು ಅದು. ಕೊಂಡವರು ವರ್ಷಕ್ಕೆ ಹತ್ತು ಹೀಟ್ ಹೇಳದೆ ಕೇಳದೆ ಆರಿಸಿ, ಬೇರೆ ಲ್ಯಾಬಿನಲ್ಲಿ ಹೊಡೆಸಿದ್ರೆ ಸಾಕಿತ್ತು. ಅರ್ಧಕ್ಕರ್ಧ ಕೆಟ್ಟಿರೋ ರಾಶಿಯಲ್ಲಿ ಹತ್ತು ಆರಿಸಿದ್ರೆ ಮೊದಲನೇ ವರ್ಷವೇ ಒಂದಾದ್ರೂ ಸಿಗ್ತಿತ್ತು, ಇದು ಪಿಯುಸಿ ಸಂಭಾವ್ಯತೆ ಲೆಕ್ಕ.

---

ಎಂಜಿನ್‌ರೂಮ್_ಕಾರವಾರ

ಬ್ರಿಟನ್ನಿನದು ಒಂದು ಹೇಳಿಬಿಡುತ್ತೇನೆ. 2023ರಲ್ಲಿ ಡೆವನ್‌ಪೋರ್ಟಿನಲ್ಲಿ ವ್ಯಾನ್‌ಗಾರ್ಡ್ ಜಲಾಂತರ್ಗಾಮಿಯ ರಿಯಾಕ್ಟರ್ ಕೋಣೆಯಲ್ಲಿ ಕೊಳವೆ ಹೊದಿಕೆಯ ಬೋಲ್ಟಿನ ತಲೆ ಜಾಸ್ತಿ ಬಿಗಿ ಮಾಡಿ ಮುರಿದಿದ್ದರು. ಹೊಸದು ಹಾಕುವ ಬದಲು ಅಂಟು ಹಚ್ಚಿ ಕೂರಿಸಿದ್ದರಂತೆ! ತಪಾಸಣೆ ವೇಳೆ ಒಂದು ಉದುರಿ ಗೊತ್ತಾಯಿತು. ಅಣ್ವಸ್ತ್ರ ಹೊರುವ ಹಡಗು ಅದು.

ಮುರಿದ ಬೋಲ್ಟ್ ತೆಗೆಯುವುದು ಎಂಥ ಕಿರಿಕಿರಿ ಎಂದು ಮಾಡಿದವರಿಗೆ ಗೊತ್ತು. ಡ್ರಿಲ್ ಹಾಕಬೇಕು, ಅದಕ್ಕೆ ವರದಿ, ವರದಿಗೆ ವಿವರಣೆ, ಮೇಲಿನವರ ಮುಖ. ಅಂಟಿಗೆ ಎರಡು ನಿಮಿಷ. ತಪ್ಪು ಹೇಳಿಕೊಳ್ಳುವುದನ್ನು ಅಷ್ಟು ದುಬಾರಿ ಮಾಡಿದವರೂ ಆ ಅಂಟಿನಲ್ಲಿ ಪಾಲುದಾರರು ಅಂತಲೇ ನನ್ನ ಅಭಿಪ್ರಾಯ.

---

ವರ್ಜೀನಿಯಾದಿಂದ

+1. ಭಾರತದಲ್ಲಿ ಈ ತಪಾಸಣೆ ಯಾರು ಮಾಡ್ತಾರೆ? ಯಾರ್ಡಿನವರೇನಾ?

---

ಎಂಜಿನ್‌ರೂಮ್_ಕಾರವಾರ

ಯಾರ್ಡಿಗೆ ಗುಣಮಟ್ಟ ನೋಡುವ ತನ್ನದೇ ಕ್ಯೂಸಿ ವಿಭಾಗ. ಅದರ ಮೇಲೆ ನೌಕಾಪಡೆಯ ವಾರ್‌ಶಿಪ್ ಓವರ್‌ಸೀಯಿಂಗ್ ಟೀಮ್ ಯಾರ್ಡಿನಲ್ಲೇ ಠಿಕಾಣಿ ಹೂಡಿರುತ್ತದೆ, ನಾವು ಡಬ್ಲ್ಯೂಓಟಿ ಅನ್ನುತ್ತೇವೆ. ಸಾಮಾನಿಗೆ ರಕ್ಷಣಾ ಇಲಾಖೆಯ ಗುಣಮಟ್ಟ ವಿಭಾಗ ಬೇರೆ. ಕಾಗದದ ಮೇಲೆ ಹಂಚಿಕೆ ಚೆನ್ನಾಗಿದೆ. ಕಷ್ಟ ಎಲ್ಲಿ ಅಂದರೆ, ಯುದ್ಧನೌಕೆ ಕಟ್ಟುವ ನಮ್ಮ ದೊಡ್ಡ ಯಾರ್ಡುಗಳು ಹೆಚ್ಚಿನವು ರಕ್ಷಣಾ ಸಚಿವಾಲಯದವೇ, ಕೊಳ್ಳುವ ನೌಕಾಪಡೆಯೂ ಅದೇ ಸಚಿವಾಲಯದ್ದು. ಒಂದೇ ಮನೆಯ ಇಬ್ಬರ ಜಗಳದಲ್ಲಿ ದಂಡ ಹಾಕುವವರು ಯಾರು?

ಒಳ್ಳೆಯದನ್ನೂ ಹೇಳಬೇಕು. ರಷ್ಯಾದಿಂದ ಯುದ್ಧನೌಕೆಯ ಉಕ್ಕು ಬರುವುದು ಕಷ್ಟವಾದಾಗ ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್ ಡಿಎಂಆರ್ 249 ಉಕ್ಕನ್ನು ರೂಪಿಸಿತು, ಸರ್ಕಾರಿ ಉಕ್ಕು ಕಂಪನಿ ಸೇಲ್ ತಯಾರಿಸಿತು. 2022ರ ಸೆಪ್ಟೆಂಬರಿನಲ್ಲಿ ಸೇವೆಗೆ ಬಂದ ಹೊಸ ವಿಕ್ರಾಂತ್ ಅದೇ ಉಕ್ಕಿನದು. ಉಕ್ಕು, ಅದರ ಟೆಸ್ಟ್ ದಾಖಲೆ, ಬೆಸುಗೆಯ ಕ್ರಮ ಎಲ್ಲ ನಮ್ಮ ದೇಶದಲ್ಲೇ ಇದೆ. ಚೀನಾದ ಇಟ್ಟಿಗೆಯೋ ಯಾರ ಇಟ್ಟಿಗೆಯೋ ಎಂದು ಹುಡುಕುವ ಸ್ಥಿತಿ ಬರಬಾರದು ಅಷ್ಟೇ.

---

ಗಿರಣಿಚಾಳ

ಆತ್ರೀಪಾ, ಒಂದು ಒಪ್ಪಿದೆ. ಸುಳ್ಳು ಬರದವರಿಗೆ ಜೈಲು, ಅದರಾಗ ನಾ ಹಿಂದ ಸರಿಯೂದಿಲ್ಲ. ಆದ್ರ ಫೇಲ್ ಅಂತ ಕಾಗದ ಕೈಯಾಗಿದ್ದೂ ‘ಹೋಗ್ಲಿ’ ಅಂದವರ ಸಹೀನೂ ಅದ ಕಡತದಾಗ ಇರಬೇಕು, ಹೆಸರು, ತಾರೀಖು ಸಮೇತ. ರಿಟೈರ್ ಆದ್ರೂ ಕರದು ಕೇಳೂವಂಗ.

---

ರೂಟ್‌ಪಾಸ್

ಅಷ್ಟು ಬಂದ್ರೆ ನನ್ನ ತಕರಾರೇ ಇಲ್ಲ.

---

ಮಲ್ಪೆ_ಬೋಟ್

ಎಲ್ಲ ಓದಿದೆ ಮಾರಾಯ್ರೆ. ನಮ್ಮ ಸ್ಟೀಲ್ ಬೋಟಿನ ಕೆಲ್ಸ ಜೂನ್ ಜುಲೈಯಲ್ಲೇ ಆಗುದು, ಮೀನುಗಾರಿಕೆ ಬಂದ್ ಇರ್ತದಲ್ಲ. ಅಂದ್ರೆ ಕರೆಕ್ಟ್ ಮಳೆಗಾಲ. ವೆಲ್ಡರ್ ರಾಡನ್ನ ಪ್ಯಾಕೆಟಿನಿಂದ ತೆಗ್ದು ಹಾಗೇ ಉಪಯೋಗಿಸ್ತಾರೆ. ಓವನ್ ಅಂತ ನಾನು ಕಣ್ಣಲ್ಲಿ ಕಂಡಿಲ್ಲ. ಈಗ ಏನು ಮಾಡುದು?

---

ರೂಟ್‌ಪಾಸ್

6013 ರಾಡ್ ಆದ್ರೆ ಅಷ್ಟು ತಲೆ ಕೆಡಿಸ್ಕೋಬೇಡಿ, ಒದ್ದೆ ಆಗದ ಹಾಗೆ ಇಟ್ರೆ ಸಾಕು. 7018 ಆದ್ರೆ ಪ್ಯಾಕೆಟ್ ಒಡೆದ ಮೇಲೆ ಬಿಸಿಯಲ್ಲೇ ಇಡಬೇಕು. ಐದು ಕಿಲೋ ಹಿಡಿಯೋ ಪೋರ್ಟಬಲ್ ಓವನ್ ವೆಲ್ಡಿಂಗ್ ಸಾಮಾನು ಮಾರೋ ಅಂಗಡೀಲಿ ಸಿಗುತ್ತೆ. ಹೊರಗೆ ನಾಲ್ಕು ಗಂಟೆಗಿಂತ ಜಾಸ್ತಿ ಬಿದ್ದಿರೋ ರಾಡನ್ನ ಬೋಟಿನ ಅಡಿಯ ಕೀಲ್‌ಗೆ, ಶಾಫ್ಟ್ ಹತ್ತಿರದ ಜಾಗಕ್ಕೆ ಬಳಸಬೇಡಿ. ಮತ್ತೆ ಒಣಗಿಸೋದಾದ್ರೆ ಪ್ಯಾಕೆಟ್ ಮೇಲೆ ತಾಪ ಬರೆದಿರ್ತಾರೆ, ಸುಮಾರು 300ರಿಂದ 350 ಡಿಗ್ರಿ, ಒಂದೆರಡು ಗಂಟೆ. ಅದಕ್ಕೆ ದೊಡ್ಡ ಓವನ್ನೇ ಬೇಕು, ಪೋರ್ಟಬಲ್‌ನಲ್ಲಿ ಆಗಲ್ಲ.

---

ಮಲ್ಪೆ_ಬೋಟ್

ನಮ್ದು 7018ಯೇ. ನಾಳೆ ಅಂಗಡಿಯಲ್ಲಿ ರೇಟ್ ಕೇಳಿ ಇಲ್ಲೇ ಹಾಕ್ತೇನೆ, ಜಾಸ್ತಿ ಹೇಳಿದ್ರೆ ನೀವೇ ಹೇಳ್ಬೇಕು.